ಐವತ್ತೆಂಟನೆಯ ಸಾವು

ಕ್ಯೋತೋದ ಸ್ಟುಡಿಯೋಗಳಲ್ಲಿ ನಾನು ಈವರೆಗೆ ಐವತ್ತೇಳು ಸಲ ಸತ್ತಿದ್ದೇನೆ. ಸಮುರಾಯ್ ಚಿತ್ರಗಳಲ್ಲಿ ನಾಯಕ ಕತ್ತಿ ಬೀಸಿದ ಕೂಡಲೇ ಮುಂದಿನ ಸಾಲಿನಲ್ಲಿ ‘ಆ್ಯ’ ಎಂದು ಉರುಳುವವನು ನಾನೇ, ಜಿನ್‌ಪಾಚಿ. ಆರು ವರ್ಷದಲ್ಲಿ ನನಗೆ ಸಿಕ್ಕ ಡೈಲಾಗು ಆ ‘ಆ್ಯ’ ಒಂದೇ. ಶೂಟಿಂಗ್ ಇಲ್ಲದ ದಿನ ಜನರನ್ನು ಗುಡ್ಡದ ದೇಗುಲಗಳಿಗೆ ನಡೆಸಿಕೊಂಡು ಹೋಗುವ ಗೈಡ್ ಕೆಲಸ ಮಾಡುತ್ತೇನೆ. ಅಲ್ಲಿ ನನ್ನ ಬಾಯಿಗೆ ಕತ್ತರಿ ಹಾಕುವವರಿಲ್ಲ.

ಆ ನವೆಂಬರ್ ಮಧ್ಯಾಹ್ನ ನನ್ನ ಪಾಲಿಗೆ ಬಂದದ್ದು ಒಬ್ಬರೇ, ಎಂಬತ್ತೊಂದರ ಫುಸಾ ಅಜ್ಜಿ. ಕೈಯಲ್ಲೊಂದು ಕೋಲು, ಎದೆಗೆ ಅವಚಿಕೊಂಡ ಮುದ್ರೆ ಪುಸ್ತಕ. ಕರುಣೆಯ ದೇವಿ ಕನ್ನೋನ್‌ಳ ಮೂವತ್ತಮೂರು ದೇಗುಲ ಸುತ್ತಿ, ಒಂದೊಂದರಲ್ಲೂ ಕೆಂಪು ಮುದ್ರೆ ಒತ್ತಿಸಿ ಪುಟ ತುಂಬಿಸುವ ಪುಸ್ತಕ ಅದು. ಮೂವತ್ತೆರಡು ಆಗಿತ್ತು.

“ನಾಳೆ ಬೆಳಿಗ್ಗೆ ಎರಡೂ ಮಂಡಿಗೆ ಆಪರೇಶನ್ನು ಕಣಪ್ಪಾ,” ಎಂದರು ಅಜ್ಜಿ. “ಅಷ್ಟ್ರೊಳಗೆ ಪುಸ್ತಕ ತುಂಬಿಸ್ತೀನಿ ಅಂತ ಕನ್ನೋನ್ ತಾಯಿಗೆ ಮಾತು ಕೊಟ್ಟಿದೀನಿ. ಮುದ್ರೆ ಕಿಟಕಿ ನಾಲ್ಕಕ್ಕೆ ಮುಚ್ತಾರೆ.”

ನಾನು ಸೊಂಟದಲ್ಲಿಲ್ಲದ ಕತ್ತಿಯ ಹಿಡಿ ಮುಟ್ಟಿಕೊಂಡೆ. “ಈ ದೇಹ ಬಿದ್ದರೂ ಆ ಮುದ್ರೆ ಬೀಳದೇ ಇರದು, ತಾಯೀ!”

“ಮೊದ್ಲು ಶೂ ಲೇಸ್ ಕಟ್ಕೋ, ಬೀಳ್ತೀಯ.”

ಹೊರಡುವ ಮುಂಚೆ ಅಜ್ಜಿ ಚೀಲದಿಂದ ಮೋಚಿ, ಅಂದರೆ ಹೂರಣ ತುಂಬಿದ ಅಕ್ಕಿಯ ಸಿಹಿಯುಂಡೆ, ತೆಗೆದು ಚಾಚಿದರು. ಬೇಡ ಎಂದೆ. ಮತ್ತೆ ಚಾಚಿದರು, ಅಯ್ಯೋ ಬೇಡವೇ ಬೇಡ ಎಂದೆ. ಮೂರನೇ ಸಲ ತೆಗೆದುಕೊಂಡೆ. ನಮ್ಮೂರಲ್ಲಿ ಎರಡು ಸಲ ಬೇಡ ಎನ್ನದೆ ಏನನ್ನೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಬೀದಿಯವರು ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತಾರೆ.

ಮೂರೂ ಇಪ್ಪತ್ತಕ್ಕೆ ಹಳ್ಳದ ಸೇತುವೆಗೆ ಬಂದೆವು. ಸೇತುವೆ ಎಂದರೆ ಎರಡು ದಿಮ್ಮಿ, ಒಂದು ಹಗ್ಗ, ಅಷ್ಟೇ. ಒಬ್ಬೊಬ್ಬರೇ ದಾಟಬೇಕು. ಆ ದಡದಲ್ಲಿ ಮುರೊತಾ ಮೇಷ್ಟ್ರು ನಿಂತಿದ್ದರು. ನಿವೃತ್ತ ಶಿಕ್ಷಕರು, ನನ್ನಂತೆಯೇ ಗೈಡು, ಇಡೀ ಕ್ಯೋತೋದಲ್ಲಿ ಅತಿ ವಿನಯದ ಮನುಷ್ಯ. ಅವರ ಹಿಂದೆ ಎಂಟು ಜನ, ಅವರಷ್ಟೇ ವಿನಯದವರು.

“ಮೇಲೆ ಹತ್ತೋರಿಗೆ ಮೊದಲ ದಾರಿ. ದಯವಿಟ್ಟು ಬನ್ನಿ,” ಎಂದು ಮೇಷ್ಟ್ರು ಬಗ್ಗಿದರು.

ಸರಿ ಎಂದು ನಾನು ಕಾಲೆತ್ತುವಷ್ಟರಲ್ಲಿ ಫುಸಾ ಅಜ್ಜಿ ಕೋಲನ್ನು ನನ್ನ ಹೊಟ್ಟೆಗೆ ಅಡ್ಡ ಹಿಡಿದು ಬಗ್ಗಿದರು. “ಎಲ್ಲಾದರೂ ಉಂಟೇ! ನೀವು ಒಂಬತ್ತು ಜನ ಕಾಯೋದಾ? ನೀವೇ ಬನ್ನಿ.”

“ಛೇ ಛೇ, ಹಿರಿಯರು ನೀವು.”

“ಹಿರಿಯರಿಗೆ ಅವಸರ ಏನಿರುತ್ತೆ?”

ಅವಸರ ಇತ್ತು! ಅಜ್ಜಿಯ ಕಣ್ಣು ಪ್ರತಿ ಬಾಗುವಿಕೆಯಲ್ಲೂ ಗಡಿಯಾರದ ಮೇಲೇ ಇತ್ತು, ಆದರೂ ಬೆನ್ನು ಬಗ್ಗುತ್ತಲೇ ಇತ್ತು. ಎರಡು ಸಲ ಆಯಿತು, ಐದು ಸಲ ಆಯಿತು. ಆ ಕಡೆಯ ಎಂಟು ಜನರೂ ಒಬ್ಬೊಬ್ಬರಾಗಿ ಬಗ್ಗತೊಡಗಿದರು. ಅಜ್ಜಿ ಎಂಟು ಜನರಿಗೂ ಬೇರೆ ಬೇರೆ ಬಗ್ಗಿದರು. ಮೂರೂ ಮೂವತ್ತಾರು.

“ಅಜ್ಜಿ, ದಾಟಿಬಿಡಿ,” ಎಂದು ಪಿಸುಗುಟ್ಟಿದೆ.

“ಹೇಗೋ ದಾಟ್ಲಿ? ಮರ್ಯಾದೆ ಇಲ್ವಾ?” ಅವರ ದನಿ ಅಳುವಿನ ಅಂಚಿನಲ್ಲಿತ್ತು.

ಇನ್ನು ಉಳಿದದ್ದು ನನಗೆ ಗೊತ್ತಿರುವ ಒಂದೇ ವಿದ್ಯೆ. ಎದೆ ಹಿಡಿದುಕೊಂಡು ಮೂರು ಸುತ್ತು ತಿರುಗಿದೆ. ಆರು ವರ್ಷ ಕಟ್ಟಿಟ್ಟಿದ್ದ ಡೈಲಾಗೆಲ್ಲ ಒಟ್ಟಿಗೇ ಬಂತು. “ಆ್ಯ! ಯಾರದೀ ಬಾಣ? ನನ್ನ ಕುದುರೆಗೆ ಹುಲ್ಲು ಹಾಕಿ... ನನ್ನ ಅಮ್ಮನಿಗೆ ಹೇಳಿ... ಮೇಷ್ಟ್ರೇ, ನೀವೆಲ್ಲಿ?” ಎಂದು ಎಲೆಗಳ ರಾಶಿಯ ಮೇಲೆ ಬಿದ್ದೆ.

“ಪ್ರಥಮ ಚಿಕಿತ್ಸೆ!” ಎಂದು ಮೇಷ್ಟ್ರು ಔಷಧಿ ಡಬ್ಬಿ ಹಿಡಿದು ಸೇತುವೆ ದಾಟಿ ಓಡಿಬಂದರು. ಹಿಂದೆಯೇ ಎಂಟು ಜನ, ಈ ಸಲ ಯಾರೂ ಯಾರಿಗೂ ‘ನೀವು ಮೊದಲು’ ಎನ್ನಲಿಲ್ಲ. ಸೇತುವೆ ಖಾಲಿಯಾಯಿತು.

ಅಜ್ಜಿ ಮಾತ್ರ ನನ್ನ ತಲೆಯ ಬಳಿ ಕೂತು “ಅಯ್ಯೋ ಮಗನೇ” ಎನ್ನುತ್ತಿದ್ದರು. ಒಂದು ಕಣ್ಣು ತೆರೆದೆ. “ಹೋಗಿ ಅಜ್ಜಿ! ನನಗೆ ಇದು ಮಾಮೂಲಿ.”

ಅಜ್ಜಿ ಎರಡು ಕ್ಷಣ ನೋಡಿದರು. ಆಮೇಲೆ ಕೋಲು ಟಕಟಕ ಎನ್ನುತ್ತ ದೂರವಾಯಿತು.

ಮೇಷ್ಟ್ರು ನನ್ನ ನಾಡಿ ಹಿಡಿದು ಕೂತರು. ನಾನು ಅಚ್ಚುಕಟ್ಟಾಗಿ ಸತ್ತಿದ್ದೆ. ಅಷ್ಟರಲ್ಲಿ ಕೆಳಗಿನಿಂದ ಪ್ರವಾಸ ಹೊರಟ ಶಾಲೆ ಮಕ್ಕಳ ಸಾಲು ಬಂತು. ಗುಡ್ಡದ ದಾರಿಯಲ್ಲಿ ಎದುರಾದವರಿಗೆಲ್ಲ ನಮಸ್ಕಾರ ಹೇಳಬೇಕು, ಹೇಳಿದವರಿಗೆ ತಿರುಗಿ ಹೇಳಬೇಕು. ಇದು ಚಿಕ್ಕಂದಿನಿಂದ ಎಲುಬಿಗೆ ಇಳಿದ ಪಾಠ.

“ನಮಸ್ಕಾರ!” ಎಂದಿತು ಮೊದಲ ಮಗು.

“ನಮಸ್ಕಾರ,” ಎಂದೆ. ತಡೆಯಲಾಗಲಿಲ್ಲ.

“ನಮಸ್ಕಾರ!” “ನಮಸ್ಕಾರ.” “ನಮಸ್ಕಾರ!” “ನಮಸ್ಕಾರ.” ಎಪ್ಪತ್ತೆರಡು ಮಕ್ಕಳು. ಕಣ್ಣು ಮುಚ್ಚಿಕೊಂಡೇ ಎಪ್ಪತ್ತೆರಡಕ್ಕೂ ಉತ್ತರಿಸಿದೆ.

ಕೊನೆಯ ಮಗು ಹೋದ ಮೇಲೆ ಮೇಷ್ಟ್ರು ನನ್ನ ಕೈ ಮೆಲ್ಲಗೆ ಕೆಳಗಿಟ್ಟರು. “ಎಷ್ಟು ಆರೋಗ್ಯವಂತ ಹೆಣ! ದನಿಯಂತೂ ಬಹಳ ಸೊಗಸು.” ಕ್ಯೋತೋದವರು ಬೈಯುವುದೇ ಹೊಗಳಿಕೆಯಲ್ಲಿ, ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಡಬ್ಬಿ ತೆರೆದಾಗಿದೆಯಲ್ಲ ಎಂದು ನನ್ನ ತಲೆಯ ಸುತ್ತ ಬ್ಯಾಂಡೇಜು ಬಿಗಿದು, ಬಗ್ಗಿ ನಮಸ್ಕರಿಸಿ ಹೊರಟುಹೋದರು.

ನಾನು ದೇಗುಲ ಮುಟ್ಟಿದಾಗ ನಾಲ್ಕೂ ಕಾಲು. ಮುದ್ರೆ ಕಿಟಕಿ ಮುಚ್ಚಿತ್ತು. ಅಜ್ಜಿ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದರು.

“ಸಿಗಲಿಲ್ವಾ ಅಜ್ಜಿ?”

ಪುಸ್ತಕ ತೆರೆದು ತೋರಿಸಿದರು. ಮೂವತ್ತಮೂರನೆಯ ಪುಟದಲ್ಲಿ ಮಸಿ ಇನ್ನೂ ಹಸಿ, ಮುದ್ರೆ ಕೆಂಪಗೆ.

“ಮತ್ಯಾಕೆ ಈ ಮುಖ?”

ಅಜ್ಜಿ ಸುತ್ತ ನೋಡಿ ದನಿ ತಗ್ಗಿಸಿದರು. “ಕಿಟಕಿ ಮುಂದೆ ಒಬ್ರಿದ್ರು ಕಣೋ. ಮುಚ್ಚೋಕೆ ಎರಡೇ ನಿಮಿಷ. ಅವರು ‘ನೀವು ಮೊದಲು’ ಅಂದ್ರು. ನಾನು...” ಮುಖ ಮುಚ್ಚಿಕೊಂಡರು. “ನಾನು ಮೊದಲ್ನೇ ಸಲಕ್ಕೇ ‘ಆಗ್ಲಿ’ ಅಂದ್ಬಿಟ್ಟೆ! ಎಂಬತ್ತೊಂದು ವರ್ಷದಲ್ಲಿ ಹೀಗೆ ಮಾಡಿರ್ಲಿಲ್ಲ. ಯಾರಿಗೂ ಹೇಳ್ಬೇಡ.”

“ಸತ್ತವರು ಮಾತಾಡಲ್ಲ, ತಾಯೀ.”

“ನೀನು ಸತ್ರೂ ಮಾತಾಡ್ತೀಯ. ನಿನ್ನ ನಮಸ್ಕಾರ ಇಲ್ಲೀವರೆಗೂ ಕೇಳ್ತಿತ್ತು, ಎಣಿಸ್ದೆ, ಎಪ್ಪತ್ತೆರಡು.”

ಅಜ್ಜಿ ಚೀಲದಲ್ಲಿದ್ದ ಕೊನೆಯ ಮೋಚಿ ತೆಗೆದು ನನ್ನ ಮುಂದೆ ಹಿಡಿದರು. ಹೊಟ್ಟೆ ಚುರುಗುಡುತ್ತಿತ್ತು. ಆದರೂ ಪದ್ಧತಿ ಪದ್ಧತಿಯೇ.

“ಅಯ್ಯೋ, ಬೇಡ ಅಜ್ಜಿ,” ಎಂದೆ.

“ಹೌದಾ? ಸರಿ ಬಿಡು,” ಎಂದು ಬಾಯಿಗೆ ಹಾಕಿಕೊಂಡರು.