ತಾವಿಯಾನ ಕಿವಿ

ಜುಲೈ ತಿಂಗಳು ಹತ್ತಿರ ಬಂತೆಂದರೆ ಅಪಾಮ್ ಊರಿನ ಹೆಂಗಸರಿಗೆ ಮೈಯೆಲ್ಲ ಕಣ್ಣು. ಆ ತಿಂಗಳು ಪೂರ್ತಿ ಕಡಲಿಗಿಳಿಯಬಾರದೆಂದು ಸರ್ಕಾರದ ಕಟ್ಟಪ್ಪಣೆ. ದೋಣಿಗಳೆಲ್ಲ ಮರಳ ಮೇಲೆ ಮಗುಚಿಕೊಳ್ಳುವುದರೊಳಗೆ ಯಾರು ಎಷ್ಟು ಮೀನು ಫ್ರೀಜರಿಗೆ ತುಂಬಿಕೊಂಡರೋ ಅವರಿಗೆ ಅಷ್ಟು ಊಟ. ಉಳಿದವರಿಗೆ ಹೊಟ್ಟೆಗೆ ತಣ್ಣೀರು ಬಟ್ಟೆ.

ಎವುರಾಸಿ ಆ ವರ್ಷ ಹದಿನಾಲ್ಕು ಬೋಗುಣಿ ಬೂತಾಯಿ ಕೊಂಡಿದ್ದಳು. ಮೀನು ಮನೆಗೆ ಬಂದ ದಿನವೇ ಫ್ರೀಜರ್ ಉಸಿರು ನಿಲ್ಲಿಸಿತು. ಯಾವುದೋ ಬಿಳಿಯರ ಮನೆಯಲ್ಲಿ ಇಪ್ಪತ್ತು ವರ್ಷ ದುಡಿದು, ಮುದಿಯಾದ ಮೇಲೆ ಟೇಮಾ ಬಂದರಿನಲ್ಲಿ ಇಳಿದ ಪೆಟ್ಟಿಗೆ ಅದು. ಆದರೂ ಎವುರಾಸಿ ಹೆದರಲಿಲ್ಲ. ಮನೆಯಲ್ಲಿ ತಾವಿಯಾ ಇದ್ದ.

ಅವಳ ಗಂಡ ತಾವಿಯಾ ಯಾವ ಗುರುವಿನ ಹತ್ತಿರವೂ ಕಲಿತವನಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ರೆಸರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೂರುವನು. ಎದ್ದಾಗ ರೋಗ ಇಂಥದ್ದೇ ಎಂದು ಹೇಳುವನು. ತಾವಿಯಾನ ಕಿವಿಗೆ ಸುಳ್ಳು ಹೇಳುವ ಫ್ರಿಜ್ಜು ಇನ್ನೂ ಹುಟ್ಟಿಲ್ಲ ಎಂದು ಓಣಿಯಲ್ಲಿ ಮಾತೇ ಇತ್ತು. ಕೆಟ್ಟ ಫ್ರಿಜ್ಜುಗಳು ತಲೆಯ ಮೇಲೆ, ತಳ್ಳುಗಾಡಿಯ ಮೇಲೆ ಅವನ ಹಿತ್ತಿಲಿಗೇ ಬರುತ್ತಿದ್ದವು.

ಅಂದೂ ಹಾಗೆಯೇ ಕೂತ, ಎದ್ದ. ಹಿತ್ತಿಲಲ್ಲಿ ಸತ್ತುಬಿದ್ದಿದ್ದ ಇನ್ನೊಂದು ಫ್ರಿಜ್ಜಿನಿಂದ ಕಂಪ್ರೆಸರ್ ಚಾಲೂ ಮಾಡುವ ರಿಲೇ ಕಿತ್ತು ಇದಕ್ಕೆ ಹಾಕಿದ. ಪ್ಲಗ್ ಚುಚ್ಚಿ ಕಂಪ್ರೆಸರಿನ ಮೇಲೆ ಅಂಗೈ ಇಟ್ಟ. ಅದು ನಡುಗಿತು. ತಾವಿಯಾ ನಕ್ಕ. ಗಂಡ ಹೆಂಡತಿ ಸೇರಿ ಮೀನು ತುಂಬಿದರು. ಮುಚ್ಚಳದ ರಬ್ಬರು ಸಡಿಲವಾಗಿತ್ತೆಂದು ಅವನು ಹಳೆಯ ಸೈಕಲ್ ಟ್ಯೂಬಿನಿಂದ ಸುತ್ತಲೂ ಬಿಗಿದು ಕಟ್ಟಿದ.

"ಮೂರು ದಿನ ಮುಚ್ಚಳ ಮುಟ್ಟಬೇಡ. ಒಂದ್ಸಲ ಇಣುಕಿದ್ರೆ ಒಂದು ದಿನದ ತಂಪು ಹೋಯ್ತು ಅಂತ ತಿಳ್ಕೋ."

ಅದು ಆ ಮನೆಯ ಕಾನೂನು. ಮುರಿದವರಿಲ್ಲ.

ಮರುದಿನ ಬೆಳಿಗ್ಗೆ ಕಸ ಗುಡಿಸುವಾಗ ಎವುರಾಸಿಗೆ ಸದ್ದು ಕೇಳಿಸಿತು. ಗುಂಯ್ ಎಂದು ಶುರು, ಟಕ್ ಎಂದು ಬಂದ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ.

"ಎಗ್ಯಾ," ಎಂದಳು. ಅವಳು ಮಕ್ಕಳ ಅಪ್ಪನನ್ನು ಕರೆಯುವುದು ಹಾಗೆ. "ಇದ್ಯಾಕೋ ಗುಂಯ್ ಅಂದು ಟಕ್ ಅಂತ ನಿಲ್ತಿದೆ. ಹಿಂಗೇ ಇರ್ಬೇಕಾ?"

ಅವನು ಅವಳ ಮುಖ ನೋಡಿ ತಲೆಯಾಡಿಸಿದ. "ಹೂಂ, ಹೂಂ. ಸರಿಯಾಗಿದೆ."

ಎರಡನೆಯ ದಿನವೂ ಟಕ್. "ಮೀನು ಕೆಟ್ಟೀತು, ಒಂದ್ಸಲ ನೋಡಬಾರ್ದಾ?"

"ಆಗಲಿ, ಆಗಲಿ," ಎಂದು ನಕ್ಕು ಹಿತ್ತಿಲಿಗೆ ಹೋದ, ನೋಡಲಿಲ್ಲ. ಅವರ ಕಿವಿಗಿಂತ ನನ್ನ ಕಿವಿ ಹೆಚ್ಚಾಯಿತೇ ಎಂದು ಅವಳು ತನ್ನನ್ನೇ ಬೈದುಕೊಂಡಳು. ನಾತವೇನೋ ಇತ್ತು. ಆದರೆ ಮೀನಿನೂರಿನಲ್ಲಿ ಮೀನಿನ ನಾತಕ್ಕೆ ಯಾರು ಮೂಗು ಮುರಿಯುತ್ತಾರೆ?

ಮೂರನೆಯ ದಿನ ಪೆಟ್ಟಿಗೆಯ ಕೆಳಗೆ ಕಂದು ನೀರು ಹರಿದಿತ್ತು. ಎವುರಾಸಿ ಟ್ಯೂಬ್ ಕತ್ತರಿಸಿ ಮುಚ್ಚಳ ಎತ್ತಿದಳು. ಕೈ ಹಾಕಿದರೆ ಬೂತಾಯಿ ಬೆರಳ ಸಂದಿಯಲ್ಲೇ ಕರಗಿಹೋಯಿತು. ಉಪ್ಪು ತುಂಬಿ ಹುಳಿಸಿ ಮೊಮೊನಿ ಎಂಬ ಉಪ್ಪುಮೀನು ಮಾಡಿ ಸಾರಿಗಾದರೂ ಮಾರೋಣವೆಂದರೆ ಆ ಹದವೂ ದಾಟಿತ್ತು.

ಖಾಲಿ ಬೋಗುಣಿ ಹಿಡಿದೇ ಹಿತ್ತಿಲಿಗೆ ನುಗ್ಗಿದಳು. ತಾವಿಯಾ ಬೆನ್ನು ಹಾಕಿ ಕೂತು ಯಾರದೋ ಫ್ರಿಜ್ಜಿನ ಸ್ಕ್ರೂ ಬಿಚ್ಚುತ್ತಿದ್ದ.

"ಎಗ್ಯಾ! ಎಲ್ಲಾ ಹಾಳಾಗ್ಹೋಯ್ತು! ಮೂರು ದಿನದಿಂದ ಬಡ್ಕೊಂಡೆ, ಕೇಳಿದ್ರಾ ನೀವು?"

ಅವನು ಸ್ಕ್ರೂವಿಗೆ ಉಫ್ ಎಂದು ಊದಿ ಪಕ್ಕಕ್ಕಿಟ್ಟ.

"ಕಲ್ಲಿನ ಹಾಗೆ ಕೂತಿದ್ದೀರಲ್ಲ, ನಾಚಿಕೆ ಆಗಲ್ವಾ?"

ಇನ್ನೊಂದು ಸ್ಕ್ರೂ ಬಿಚ್ಚಿದ. ಸಿಟ್ಟು ನೆತ್ತಿಗೇರಿ ಎವುರಾಸಿ ಬೋಗುಣಿಯನ್ನು ಸಿಮೆಂಟು ನೆಲಕ್ಕೆ ಅಪ್ಪಳಿಸಿದಳು. ಕೋಳಿಗಳು ಗೋಡೆ ಹಾರಿದವು. ಪಕ್ಕದ ಮನೆಯ ಮಗು ಚೀರಿತು. ತಾವಿಯಾನ ಕುತ್ತಿಗೆ ಸಹ ಅಲುಗಲಿಲ್ಲ.

ಅವಳ ಸಿಟ್ಟು ನಿಂತಲ್ಲೇ ಇಳಿಯಿತು. ಒಂದು ವರ್ಷದಿಂದ ಅವನು ಚರ್ಚಿನಲ್ಲಿ ಮುಂದಿನ ಬೆಂಚಿಗೇ ಹೋಗಿ ಕೂರುವುದು, ರೇಡಿಯೋ ಕೆಟ್ಟಿದೆ ಎಂದು ಯಾರಿಗೋ ಕೊಟ್ಟುಬಿಟ್ಟದ್ದು, ಯಾವ ಮಾತಿಗೂ ಹೂಂ, ಆಗಲಿ ಎನ್ನುವುದು, ಎಲ್ಲ ಒಟ್ಟಿಗೆ ನೆನಪಾಯಿತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ಈ ಮನುಷ್ಯ ಒಂದು ವರ್ಷ ಬದುಕಿದ್ದ. ಜೊತೆಗೇ ಮಲಗಿದ್ದ ತನಗೇ ಕಾಣಲಿಲ್ಲವಲ್ಲ ಎಂದು ಅವಳಿಗೆ ಅಳು ಬಂತು.

ಅವಳು ಒಳಗೆ ಬಂದಾಗ ಸದ್ದಿಗೋ ನಾತಕ್ಕೋ ಹೆಂಗಸರು ಫ್ರೀಜರಿನ ಸುತ್ತ ಸೇರಿದ್ದರು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಮಾನ್ಸಾ. ಮೀನು ಹೊಗೆಗಿಡುವುದು ಅವಳ ಕಸುಬು, ಸುದ್ದಿ ಹೊಗೆಯಾಡಿಸುವುದು ಅವಳ ಖುಷಿ.

"ಅಯ್ಯೋ ಅಕ್ಕಾ, ಅಷ್ಟೂ ಮೀನಾ? ತಾವಿಯಣ್ಣನೇ ರಿಪೇರಿ ಮಾಡಿದ್ದಲ್ವಾ ಇದು? ಏನಾಯ್ತೇ ಆ ಕಿವಿಗೆ?"

ಎವುರಾಸಿ ಕಣ್ಣೊರೆಸಿಕೊಂಡಳು. ಮೀನು ಹೋಗಿತ್ತು. ಇನ್ನು ಉಳಿದ ಅನ್ನ ಹಿತ್ತಿಲಿಗೆ ಬರುವ ಫ್ರಿಜ್ಜುಗಳದ್ದು, ಅವು ಬರುತ್ತಿದ್ದದ್ದು ಆ ಕಿವಿಯ ಹೆಸರಿಗೆ.

"ಕಿವಿಗೇನಾಗುತ್ತೆ? ಮಿಷನ್ ಚೆನ್ನಾಗೇ ಓಡ್ತಿತ್ತು. ಇಸ್ತ್ರಿ ಮಾಡೋಕೆ ನಾನೇ ಪ್ಲಗ್ ಕಿತ್ತೆ. ಮತ್ತೆ ಹಾಕೋದು ಮರೆತೆ."

"ಮೂರು ದಿನ ಮರೆತ್ಯಾ? ತಲೇಲಿ ಏನು ಮಣ್ಣು ತುಂಬ್ಕೊಂಡಿದ್ದೀಯೇ?"

ಅಷ್ಟರಲ್ಲಿ ತಾವಿಯಾ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ. ತೆರೆದ ಪೆಟ್ಟಿಗೆ ನೋಡಿ ಅವನ ಮುಖದ ಕಳೆ ಇಳಿದುಹೋಯಿತು. ಮಾನ್ಸಾ ಅವನ ಕಡೆ ತಿರುಗಿದಳು.

"ಇದನ್ನೆಲ್ಲಾ ಇವಳೇ ಹಾಳು ಮಾಡಿದ್ದಂತೆ, ಹೌದೇನಣ್ಣಾ? ಇಂಥವಳನ್ನ ಕಟ್ಕೊಂಡು ಹೆಂಗೆ ಬಾಳ್ತೀಯೋ!"

ಎಲ್ಲರ ಕಣ್ಣೂ ಅವನ ಮೇಲಿತ್ತು. ತಾವಿಯಾ ಮಾನ್ಸಾಳ ಬಾಯಿ ನೋಡಿದ. ಹೇಗೋ ಒಂದು ನಗು ಎಳೆದುಕೊಂಡು ತಲೆಯಾಡಿಸಿದ.

"ಹೂಂ, ಹೂಂ. ಹೌದು."

ಹೆಂಗಸರು ಗೊಳ್ಳೆಂದು ನಕ್ಕರು. ಸುಳ್ಳು ತನ್ನದೇ, ತಾನೇ ಬೇಕೆಂದು ಹೇಳಿದ್ದು. ಆದರೂ ಆ ಒಂದು ಹೌದು ಹದಿನಾಲ್ಕು ಬೋಗುಣಿಗಿಂತ ಹೆಚ್ಚು ಸುಟ್ಟಿತು ಎವುರಾಸಿಯನ್ನು.

ಎಲ್ಲರೂ ಹೋದ ಮೇಲೆ ಕೊಳೆತದ್ದನ್ನು ಬೋಗುಣಿಗೆ ತೋಡಿದಳು. ಮರಳಲ್ಲಿ ಹೂಳಬೇಕು, ಒಬ್ಬಳಿಂದ ಎತ್ತಲಾಗದು. ಬೆನ್ನು ತಿರುಗಿಸಿ ನಿಂತಿದ್ದ ತಾವಿಯಾನನ್ನು ಎಂದಿನಂತೆ ಹಿಂದಿನಿಂದ ಕೂಗಲಿಲ್ಲ. ಸುತ್ತು ಬಳಸಿ ಹೋಗಿ ಅವನ ಮುಖದೆದುರು ನಿಂತು, ಬೋಗುಣಿ ತೋರಿಸಿ, ಒಂದೊಂದೇ ಅಕ್ಷರ ಬಾಯಿ ಬಿಡಿಸಿ ಹೇಳಿದಳು.

"ಹಿ ಡೀ ರಿ."

ತಾವಿಯಾ ಅವಳ ತುಟಿ ನೋಡಿದ, ಆಮೇಲೆ ಕಣ್ಣು ನೋಡಿದ. ಮುಖದ ಮೇಲಿದ್ದ ನಗು ಕಳಚಿಬಿತ್ತು. ಈ ಸಲ ತಲೆಯಾಡಿಸಲಿಲ್ಲ. ಬಗ್ಗಿ ಬೋಗುಣಿಯ ಇನ್ನೊಂದು ಅಂಚು ಹಿಡಿದ.