ತಟ್ಟೆಯ ಕೆಳಗೆ

ಫ್ಲೋರಿಕಾ ಮೂರನೆಯ ಸಲ ಗ್ರಾಮಫೋನಿಗೆ ಗುದ್ದಿದಳು. ಪೆಟ್ಟಿಗೆ ಮೇಜಿನ ಮೇಲೆ ಒಂದು ಗೇಣು ಜರುಗಿತು. ಒಳಗೆ ಮೋಟಾರು ನೊಣದ ಹಾಗೆ ಗುಂಯ್ಗುಟ್ಟಿತು, ರೆಕಾರ್ಡು ಇಡುವ ತಟ್ಟೆ ಮಾತ್ರ ತಿರುಗಲಿಲ್ಲ. ನಾಲ್ಕನೆಯ ಗುದ್ದಿಗೆ ಪಕ್ಕದ ಶವಪೆಟ್ಟಿಗೆಯ ತಲೆಯ ಕಡೆ ಹಚ್ಚಿಟ್ಟಿದ್ದ ಮೇಣದಬತ್ತಿ ಉರುಳಿತು.

"ಹೊಡಿ, ಇನ್ನೂ ಹೊಡಿ," ಎಂದಳು ತಾಯಿ ಸ್ತಾನಿಕಾ, ಬತ್ತಿಯನ್ನು ಎತ್ತಿ ನಿಲ್ಲಿಸುತ್ತ. "ನಿಮ್ಮಪ್ಪ ಮನುಷ್ಯರಿಗೆ ಹೊಡೆದ, ಯಂತ್ರಕ್ಕೆ ಒಂದ್ ದಿನ ಕೈ ಎತ್ತಲಿಲ್ಲ. ನೀನು ಅದನ್ನೂ ಬಿಡಲ್ಲ."

"ಸೆಲ್ಲು ಹೊಸದು ಹಾಕಿದೀನಿ. ತಂತಿ ತುದಿಗೆ ಹಿಡಿದಿದ್ದ ಹಸಿರು ಕಿಲುಬನ್ನ ಸಾರಾಯಿ ಹಾಕಿ ಉಜ್ಜಿದೀನಿ. ಇನ್ನೇನ್ ಮಾಡ್ಲಿ ಇದರ ಮನೆ ಹಾಳಾಗ?"

"ಏನೂ ಮಾಡಬೇಡ. ಮಾಡೋನಿಗೆ ಹೇಳಿ ಕಳಿಸಿದೀನಿ, ಬರ್ತಾನೆ."

ಫ್ಲೋರಿಕಾ ತಿರುಗಿ ತಾಯಿಯ ಮುಖ ನೋಡಿದಳು. ಮಗಳೂ ಈಗ ನಲವತ್ತೈದರ ಹೆಂಗಸು, ಪೇಟೆಯಲ್ಲಿ ಮಾಂಸದಂಗಡಿ ಅವಳದು. ಹಂದಿಯ ತೊಡೆಯನ್ನು ಎರಡೇ ಏಟಿಗೆ ತುಂಡು ಮಾಡುವ ಕೈ. ಆ ಕೈ ಈಗ ಮೇಜಿನ ಅಂಚನ್ನು ಹಿಡಿಯಿತು.

"ಯಾರಿಗೆ? ಗೋಡೆಯಾಚೆಯವನಿಗಾ?"

ಸ್ತಾನಿಕಾ ಬತ್ತಿ ಉರುಳಿದಲ್ಲಿ ಚೆಲ್ಲಿದ್ದ ಮೇಣವನ್ನು ಉಗುರಿನಿಂದ ಕೆರೆದಳು.

ಫ್ಲೋರಿಕಾಳ ಅಪ್ಪ ತ್ರಾಯ್ಲೊ ಶವಪೆಟ್ಟಿಗೆಯಲ್ಲಿ ಕಪ್ಪು ಕೋಟು ತೊಟ್ಟು ಮಲಗಿದ್ದ. ಎಪ್ಪತ್ತೆರಡು ವರ್ಷ. ಜೇಬಿನಲ್ಲಿ ಬಾಚಣಿಗೆ, ಒಂದು ಕನ್ನಡಿ ಚೂರು, ಹಿಡಿಯ ತುಂಬ ಹಲ್ಲಿನ ಗುರುತಿದ್ದ ಒಂದು ಸ್ಕ್ರೂಡ್ರೈವರ್. ತಿಮೋಕ್ ಕಣಿವೆಯ ಹಳ್ಳಿಗಳಲ್ಲಿ ಹಾಡುವ ಯಂತ್ರ ಯಾವುದೇ ಇರಲಿ, ಅದರ ಹೊಟ್ಟೆಗೆ ಒಮ್ಮೆಯಾದರೂ ಇವನು ಕೈ ಹಾಕಿದ್ದ. ಅಂಗಳದಲ್ಲಿ ನಿಂತಿದ್ದ ಅರವತ್ತು ಜನರಲ್ಲಿ ಇವನಿಂದ ಬೈಸಿಕೊಳ್ಳದವರು ಇರಲಿಲ್ಲ. ಹೊಡೆಸಿಕೊಂಡವರೂ ಐದಾರು ಜನ ಇದ್ದರು.

ಪಾದ್ರಿ ಗಡಿಯಾರ ನೋಡಿಕೊಂಡ. "ತಾಯೀ, ಹೊತ್ತು ಇಳೀತಿದೆ. ತುತ್ತೂರಿಯವರು ಇದಾರಲ್ಲ, ಅವರೇ ಊದಲಿ."

"ತುತ್ತೂರಿ ಊರಿಗೆ. ಇದು ಅವನಿಗೆ," ಎಂದಳು ಸ್ತಾನಿಕಾ. "ಇದು ಹಾಡಲಿಲ್ಲ ಅಂದ್ರೆ ಪೆಟ್ಟಿಗೆ ಈ ಅಂಗಳ ದಾಟಲ್ಲ. ನಿಮಗೆ ಅವಸರ ಆಗಿದ್ರೆ ಅವನ ಹೆಸರಿಗೆ ಬೇಯಿಸಿದ ಗೋಧಿ ತಿಂದು ಹೊರಡಿ."

ಪಾದ್ರಿ ಗಡಿಯಾರವನ್ನು ಜೇಬಿಗಿಳಿಸಿದ. ಅವನು ಬಯಲು ಸೀಮೆಯವನಾದರೂ ಒಂಬತ್ತು ವರ್ಷದಿಂದ ಈ ಕಣಿವೆಯ ನಮ್ಮ ವ್ಲಾಹ ಜನರ ನಡುವೆ ಇದ್ದು ಕಲಿತಿದ್ದ. ಸತ್ತವನ ಹೆಸರು ಹೇಳಿ ಕೊಟ್ಟದ್ದು ಮಾತ್ರ ಅವನಿಗೆ ಆಚೆ ಲೋಕದಲ್ಲಿ ಸಿಗುತ್ತದೆ. ಕೊಡದಿದ್ದರೆ ಇಲ್ಲ. ಕೆಟ್ಟದ್ದನ್ನು ಕೊಟ್ಟರೆ ಅಲ್ಲಿಯೂ ಕೆಟ್ಟೇ ಇರುತ್ತದೆ, ಯುಗ ಕಳೆದರೂ ರಿಪೇರಿಯಾಗುವುದಿಲ್ಲ. ಅದಕ್ಕೇ ಹಾಡುವ ಯಂತ್ರವನ್ನು ಗೋರಿಯ ಬಾಯಲ್ಲಿ ಹಾಡಿಸಿ, ಹಾಡುತ್ತಿರುವಾಗಲೇ ಒಳಗಿಡಬೇಕು.

ಬೇಲಿಯ ಬಾಗಿಲು ಕಿರುಗುಟ್ಟಿತು. ಗೋಡೆಯಾಚೆಯ ಮನೆಯಿಂದ ಸತ್ತವನ ತಮ್ಮ ಯೋನ್ ಬಂದ. ಕಂಕುಳಲ್ಲಿ ಚರ್ಮದ ಹತಾರದ ಚೀಲ. ತುಟಿ ಬಿಗಿಹಿಡಿದಿದ್ದ. ಯಾವಾಗಲೂ ಹಾಗೆಯೇ ಹಿಡಿಯುತ್ತಿದ್ದ, ಮೇಲಿನ ಮುಂದಿನ ಹಲ್ಲು ಇಲ್ಲದ್ದು ಕಾಣಬಾರದೆಂದು.

ಫ್ಲೋರಿಕಾ ಅಡ್ಡ ನಿಂತಳು. "ಏನ್ ಚಿಕ್ಕಪ್ಪ, ಸರಿಯಾಗಿ ಸತ್ತಿದಾನೋ ಇಲ್ವೋ ನೋಡಕ್ಕೆ ಬಂದ್ಯಾ?"

"ಅತ್ತಿಗೆ ಕರೆಸಿದ್ರು, ಬಂದೆ. ದಾರಿ ಬಿಡು."

"ಯಾವ ಕಿವಿಗೆ ಹೊಡೆದು ಕಿವುಡ ಮಾಡಿದ್ದೆ, ನೆನಪಿದೆಯಾ? ಎಡಗಡೇದು. ಬಾ, ತೋರಿಸ್ತೀನಿ. ಮುಟ್ಟಿ ನೋಡು ಬಾ."

"ದಾರಿ ಬಿಡು ಅಂದೆ."

ಅವಳು ಬಿಡಲಿಲ್ಲ. ಅವಳ ಗುದ್ದು ನೇರ ಅವನ ಬಾಯಿಗೆ ಬಿತ್ತು. ಯೋನ್ ಎರಡು ಹೆಜ್ಜೆ ಹಿಂದೆ ಹೋದವನು ನೆಲಕ್ಕೆ ರಕ್ತ ಉಗಿದು, ಬಂದು ಅವಳ ಕೂದಲಿಗೆ ಕೈ ಹಾಕಿದ. ಇಬ್ಬರೂ ಸುತ್ತಿಕೊಂಡು ಹೋಗಿ ಶವಪೆಟ್ಟಿಗೆ ಇಟ್ಟಿದ್ದ ಬೆಂಚಿಗೆ ಅಪ್ಪಳಿಸಿದರು. ಬೆಂಚು ವಾಲಿತು. ಸತ್ತವನ ತಲೆ ದಿಂಬಿನಿಂದ ಜಾರಿ ಹಲಗೆಗೆ ಟಕ್ಕೆಂದು ಬಡಿಯಿತು. ಆರು ಜನ ಓಡಿಬಂದು ಪೆಟ್ಟಿಗೆ ಹಿಡಿದರು. ಬೇಯಿಸಿದ ಗೋಧಿಯ ತಟ್ಟೆ ಕೆಳಗೆ ಬಿದ್ದು ಕೋಳಿಗಳ ಪಾಲಾಯಿತು.

"ಕಳೆದ ವಾರದ ಮದುವೇಲೂ ಇಷ್ಟು ಮಜಾ ಇರಲಿಲ್ಲ," ಎಂದ ತುತ್ತೂರಿಯವರ ಜೊತೆಗಿದ್ದ ದೊಡ್ಡ ಡೋಲಿನವನು.

ಸ್ತಾನಿಕಾ ಒಳಗಿನಿಂದ ಒಲೆ ಕೆದಕುವ ಕಬ್ಬಿಣದ ಸಲಾಕಿ ತಂದಳು. ಮೊದಲು ಮಗಳ ಬೆನ್ನಿಗೆ, ಆಮೇಲೆ ಮೈದುನನ ಮೊಣಕಾಲಿಗೆ ಒಂದೊಂದು ಕೊಟ್ಟಳು. ಇಬ್ಬರೂ ಬಿಟ್ಟರು.

"ಹೆಣದ ಮುಂದೆ ನಾಯಿಗಳ ಹಾಗೆ! ಯೋನ್, ಕೂತ್ಕೊ. ಮೇಜು ಅಲ್ಲಿದೆ. ಫ್ಲೋರಿಕಾ, ನೀನು ಅವನ ಕೈಗೆ ಹತಾರ ಕೊಡು. ಬಾಯಿ ಬಿಟ್ಟರೆ ಈ ಸಲ ತಲೆಗೇ ಬೀಳುತ್ತೆ."

*

ಮೂವತ್ತೊಂದು ವರ್ಷದ ಹಿಂದೆ ಸತ್ತವಳು ಆ ಅಣ್ಣತಮ್ಮಂದಿರ ತಾಯಿ ದೋಕಿಯಾ. ಅವಳಿಗೆ ಪ್ರೀತಿಯದು ಒಂದೇ ರೆಕಾರ್ಡು, ಕುರುಬರ ಕುಣಿತದ ಕೊಳಲಿನದು. ಯೋನ್ ಆಗ ವಿಯೆನ್ನಾದಲ್ಲಿ ಕಟ್ಟಡದ ಕೆಲಸದಲ್ಲಿದ್ದ. ಬಸ್ಸು ಬರುವ ತನಕ ಹೆಣ ಕಾಯುವುದಿಲ್ಲ. "ನೀನು ಬರದಿದ್ರೂ ಚಿಂತೆ ಇಲ್ಲ, ಅಮ್ಮನಿಗೆ ಹಾಡು ನಾನು ಕೊಡ್ತೀನಿ," ಎಂದು ತ್ರಾಯ್ಲೊ ಅಂಚೆ ಕಚೇರಿಯ ಫೋನಿನಲ್ಲಿ ಕಿರುಚಿ ಹೇಳಿದ್ದ.

ಆ ದಿನ ಬೆಳಿಗ್ಗೆ ಅವನು ತನ್ನ ಇದೇ ಗ್ರಾಮಫೋನಿಗೆ ಎಣ್ಣೆ ಬಿಟ್ಟ. ಬೇರೆಯವರ ಯಂತ್ರಕ್ಕೆ ಒಂದು ತೊಟ್ಟು ಬಿಡುವವನು ತಾಯಿಗೆಂದು ಮೂರು ತೊಟ್ಟು ಬಿಟ್ಟ. ಗೋರಿಯ ಬಾಯಲ್ಲಿ ಕೊಳಲು ಅರ್ಧ ಹಾಡಿತ್ತು. ಹೆಚ್ಚಾದ ಎಣ್ಣೆ ಇಳಿದು, ತಟ್ಟೆಯನ್ನು ತಿರುಗಿಸುವ ರಬ್ಬರ್ ಗಾಲಿಗೆ ಮೆತ್ತಿಕೊಂಡಿತು. ಗಾಲಿ ಜಾರಿತು. ಕೊಳಲಿನ ದನಿ ಕುಡುಕನ ಮಾತಿನ ಹಾಗೆ ಎಳೆದಾಡಿ, ಗೊಗ್ಗರಾಗಿ, ನಿಂತುಹೋಯಿತು. ತ್ರಾಯ್ಲೊ ಗಾಬರಿಯಲ್ಲಿ ಕೈ ಹಾಕಿದ್ದಕ್ಕೆ ಮುಳ್ಳು ಜಾರಿ ರೆಕಾರ್ಡಿನ ನಡುವೆ ಒಂದು ಬಿಳಿ ಗೀರು ಬಿತ್ತು. ಹೊತ್ತು ಮುಳುಗುತ್ತಿತ್ತು. ಕೆಟ್ಟದ್ದನ್ನು ಒಳಗಿಡುವಂತಿಲ್ಲ. ದೋಕಿಯಾ ಹಾಡಿಲ್ಲದೆ ಹೋದಳು.

ಸಂಜೆ ತ್ರಾಯ್ಲೊ ಅಡುಗೆಮನೆಯ ಮೇಜಿನ ಮೇಲೆ ಯಂತ್ರ ಬಿಚ್ಚಿ ಕೂತಿದ್ದ. ಹೊರತೆಗೆದ ತಟ್ಟೆ ತೊಡೆಯ ಮೇಲಿತ್ತು. ಗಾಲಿಯ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ, ಕಣ್ಣೀರನ್ನೂ ಅದೇ ಬಟ್ಟೆಯಲ್ಲಿ. ಯೋನ್ ಬಸ್ಸಿಳಿದು ಗೋರಿಗೆ ಹೋಗಿ ಎಲ್ಲ ಕೇಳಿಕೊಂಡು ಬಂದ. ಬಾಗಿಲು ಒದ್ದ.

"ಊರಿನ ನಾಯಿನರಿಗೆಲ್ಲ ರಿಪೇರಿ ಮಾಡ್ತೀಯ! ಹೆತ್ತವಳನ್ನ ಮೂಗಿ ಮಾಡಿ ಕಳಿಸಿದ್ಯಲ್ಲೋ!"

ಮೊದಲ ಏಟು ಎಡಗಿವಿಯ ಮೇಲೆ ಬಿತ್ತು. ಎರಡನೆಯದೂ ಅಲ್ಲೇ. ತ್ರಾಯ್ಲೊ ಒಂದು ಮಾತೂ ಆಡದೆ ಮೂರು ಏಟು ತಿಂದ. ನಾಲ್ಕನೆಯದಕ್ಕೆ ತೊಡೆಯ ಮೇಲಿದ್ದ ಲೋಹದ ತಟ್ಟೆ ಎತ್ತಿ ಅಂಚಿನಿಂದ ತಮ್ಮನ ಬಾಯಿಗೆ ಬೀಸಿದ. ಯೋನ್ ಮೇಜಿನ ಮೇಲೆ ಬಿದ್ದ. ಬಿಚ್ಚಿಟ್ಟ ಯಂತ್ರದ ತುಂಬ ರಕ್ತ. ಅವನು ಮತ್ತೆ ಎದ್ದು ಅಣ್ಣನ ಕುತ್ತಿಗೆ ಹಿಡಿದಾಗ, ಹದಿನಾಲ್ಕರ ಫ್ಲೋರಿಕಾ ಒಲೆಯ ಪಕ್ಕದ ಸೌದೆ ಎಳೆದು ಚಿಕ್ಕಪ್ಪನ ಬೆನ್ನು ಮುರಿಯುವ ಹಾಗೆ ಹೊಡೆದಳು.

ಮಾರನೆಯ ತಿಂಗಳು ಒಂದೇ ಅಂಗಳದ ಎರಡು ಮನೆಗಳ ನಡುವೆ ಆಳೆತ್ತರದ ಗೋಡೆ ಎದ್ದಿತು. ಅದನ್ನು ಯಾರು ಕಟ್ಟಿಸಿದರೆಂದು ಕೇಳಿದರೆ ಇಬ್ಬರೂ ನಾನೇ ಅನ್ನುತ್ತಿದ್ದರು.

*

ಯೋನ್ ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡು ಮೇಜಿಗೆ ಕೂತ. ಕೆಳತುಟಿ ಸೀಳಿತ್ತು.

"ಸ್ಕ್ರೂಡ್ರೈವರ್."

ಫ್ಲೋರಿಕಾ ಅವನ ಚೀಲಕ್ಕೆ ಕೈ ಹಾಕಿದಳು.

"ಅದಲ್ಲ. ಅವನದು."

"ಹೆಣದ ಜೇಬಿಂದ ತೆಗೀಬೇಕಾ?"

"ಮತ್ತೆ ಇಡ್ತೀನಿ. ಕದ್ದುಕೊಂಡು ಹೋಗಲ್ಲ ತಾಯೀ, ಕೊಡು."

ಅವಳು ಕೊಟ್ಟಳು. ಯೋನ್ ಗುಂಡಿ ಒತ್ತಿ ಮೋಟಾರು ಚಾಲೂ ಮಾಡಿದ. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಹತ್ತಿರ ಲೋಹಕ್ಕೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿದ. ಜನ ಮಾತು ನಿಲ್ಲಿಸಿದರು. ತ್ರಾಯ್ಲೊ ಹಾಗೆ ಕಚ್ಚುವುದನ್ನು ಎಲ್ಲರೂ ನೋಡಿದ್ದರು. ಯಂತ್ರದ ರೋಗ ಹಲ್ಲಿನ ಮೂಲಕ ತಲೆಬುರುಡೆಗೆ ಕೇಳುತ್ತದೆ ಅನ್ನುತ್ತಿದ್ದ. ಒಂದು ಕಿವಿ ಹೋದ ಮೇಲಂತೂ ಅದೇ ಅವನ ಕಿವಿ. ಆ ವಿದ್ಯೆಯನ್ನು ಇಬ್ಬರು ಗಂಡುಮಕ್ಕಳಿಗೂ ಕಲಿಸಿದವನು ಅವರಪ್ಪ ಎಂಬುದು ಮುದುಕರಿಗೆ ಮಾತ್ರ ನೆನಪಿತ್ತು. ಯೋನ್‌ಗೆ ಮುಂದಿನ ಹಲ್ಲಿರಲಿಲ್ಲ. ಹಿಡಿ ಎರಡು ಸಲ ಜಾರಿ, ಮೂರನೆಯ ಸಲ ದವಡೆಯಲ್ಲಿ ನಿಂತಿತು. ತುಟಿಯ ರಕ್ತ ಹಿಡಿಯ ಮೇಲೆ ಇಳಿಯಿತು.

"ಮೋಟಾರು ಸರಿ ಇದೆ," ಎಂದ. "ಗಾಲೀನ ಏನೋ ತಡೀತಿದೆ. ತಟ್ಟೆಯ ಕೆಳಗೆ."

"ನೋಡ್ರಪ್ಪ, ವಿಯೆನ್ನಾದ ಡಾಕ್ಟರು!" ಎಂದಳು ಫ್ಲೋರಿಕಾ. ತಾಯಿಯ ಸಲಾಕಿ ನೆಲಕ್ಕೆ ಟಣ್ಣೆಂದಿತು. ಅವಳು ಮತ್ತೆ ಹತಾರದ ಚೀಲ ಎಳೆದುಕೊಂಡಳು.

ಯೋನ್ ನಡುವಿನ ಸಣ್ಣ ಕೊಂಡಿ ಬಿಡಿಸಿ ಎರಡೂ ಕೈಯಿಂದ ತಟ್ಟೆ ಎತ್ತಿದ. ಎತ್ತಿದವನು ಹಾಗೇ ಕೂತುಬಿಟ್ಟ. ಫ್ಲೋರಿಕಾ ಬಗ್ಗಿದಳು.

ಒಳಗೆ ದೂಳಿರಲಿಲ್ಲ. ಒಂದು ಎಳೆಯೂ ಇಲ್ಲ. ಗಾಲಿಯ ಅಚ್ಚಿನ ಮೇಲೆ ತಿಳಿಯಾದ ಎಣ್ಣೆ, ಒಂದೇ ಒಂದು ತೊಟ್ಟು. ರಬ್ಬರ್ ಗಾಲಿಗೂ ಅದನ್ನು ಹಿಡಿದ ಕಬ್ಬಿಣದ ತೋಳಿಗೂ ನಡುವೆ ಹಳದಿಗಟ್ಟಿದ ಒಂದು ಹಲ್ಲು ಸಿಕ್ಕಿಕೊಂಡಿತ್ತು, ಬೇರು ಸಮೇತ.

"ಈ ಯಂತ್ರ ಆವತ್ತಿಂದ ಬಿಚ್ಚೇ ಇಲ್ಲ ಅಂತಿದ್ನಲ್ಲಮ್ಮ ಅಪ್ಪ," ಎಂದಳು ಫ್ಲೋರಿಕಾ.

"ಪ್ರತಿ ವರ್ಷ ಬಿಚ್ತಿದ್ದ. ಅತ್ತೆ ಸತ್ತ ದಿನ, ಬಾಗಿಲು ಹಾಕ್ಕೊಂಡು. ದೂಳು ಒರೆಸಿ, ಎಣ್ಣೆ ಬಿಟ್ಟು, ಮುಚ್ಚಿಡ್ತಿದ್ದ."

"ಮತ್ತೆ ಇದನ್ನ ಯಾಕೆ ತೆಗೀಲಿಲ್ಲ?"

"ನಾನೂ ಕೇಳಿದ್ದೆ. ‘ಅದು ನಂದಲ್ಲ. ಯಾರದೋ ಅವನು ಬಂದು ತಗೊಳ್ಳಲಿ’ ಅಂದ."

"ನನ್ನ ಹಲ್ಲನ್ನ ಗೆದ್ದ ಮಾಲಿನ ಹಾಗೆ ಇಟ್ಕೊಂಡಿದ್ದ, ಹಂದಿ!" ಎಂದು ಯೋನ್ ಮೇಜಿಗೆ ಗುದ್ದಿದ. ತಿರುಪುಗಳು ಹಾರಿದವು. ಎದ್ದು ಶವಪೆಟ್ಟಿಗೆಯ ಅಂಚು ಹಿಡಿದು ಅಲುಗಿಸಿದ. "ಗೋಡೆಯಾಚೆ ಒಂದ್ ಕೂಗು ಹಾಕಕ್ಕೆ ನಿನಗೇನಾಗಿತ್ತೋ? ನಾಲಿಗೇನೂ ಬಿದ್ದು ಹೋಗಿತ್ತಾ? ಹಂದಿ! ಮಾತಾಡೋ!"

ನಾಲ್ಕು ಗಂಡಸರು ಅವನನ್ನು ಹಿಂದಕ್ಕೆ ಎಳೆಯಲು ಬಂದರು. ಫ್ಲೋರಿಕಾ ಅವರಲ್ಲಿ ಮುಂದೆ ಬಂದವನನ್ನು ಎದೆಗೆ ಕೈಯಿಟ್ಟು ತಳ್ಳಿದಳು. "ಬಿಡ್ರಿ. ಬೈಯ್ಲಿ. ಮೂವತ್ತೊಂದು ವರ್ಷದ್ದು ಇದೆ."

ಯೋನ್ ಬೈದ. ಹೊಲಸು ಹೊಲಸಾಗಿ ಬೈದ. ಪಾದ್ರಿ ಆಕಾಶ ನೋಡಿದ. ಬೈದು ಮುಗಿದ ಮೇಲೆ ಅಣ್ಣನ ಜಾರಿದ ತಲೆಯನ್ನು ಎತ್ತಿ ದಿಂಬಿನ ಮೇಲಿಟ್ಟು, ಬಂದು ಕೂತು, ಚಿಮಟ ಕೇಳಿದ.

ಹಲ್ಲು ಬಂತು. ಅದು ಕೂತಿದ್ದ ಜಾಗದಲ್ಲಿ ರಬ್ಬರು ಕುಳಿಬಿದ್ದಿತ್ತು. ಯೋನ್ ಗಾಲಿಯನ್ನು ಮರಳುಕಾಗದದಲ್ಲಿ ಉಜ್ಜಿ, ಸಾರಾಯಿಯಲ್ಲಿ ಒರೆಸಿ, ಬೆರಳಲ್ಲಿ ತಿರುಗಿಸಿ ನೋಡಿದ.

"ಕುಳಿ ಹೋಗಲ್ಲ. ತಿರುಗುತ್ತೆ, ಆದ್ರೆ ಕುಟ್ಟುತ್ತೆ."

"ಕುಟ್ಟಿದ್ರೆ ಅದು ಕೆಟ್ಟದ್ದಾ?" ಸ್ತಾನಿಕಾಳ ದನಿ ಆ ದಿನ ಮೊದಲ ಸಲ ಸಣ್ಣದಾಯಿತು.

"ಕುಟ್ಟೋದು ಬೇರೆ, ಕೆಡೋದು ಬೇರೆ ಅತ್ತಿಗೆ. ನಿಲ್ಲದಿದ್ರೆ ಸಾಕು."

*

ಗೋರಿಯ ಒಳಗೆ ಸಿಮೆಂಟಿನ ಗೂಡು ಕಟ್ಟಿಸಿಟ್ಟಿದ್ದರು. ಶವಪೆಟ್ಟಿಗೆ ಇಳಿಯಿತು. ಸ್ಕ್ರೂಡ್ರೈವರ್ ಮತ್ತೆ ಅದೇ ಜೇಬಿನಲ್ಲಿತ್ತು, ಹಿಡಿಯ ರಕ್ತ ಒರೆಸಿರಲಿಲ್ಲ. ತುತ್ತೂರಿಯವರು ಒಂದು ಬದಿಗೆ ನಿಂತರು. ಬೆಟ್ಟದ ನೆರಳು ಗೋರಿಕಲ್ಲುಗಳವರೆಗೆ ಬಂದಿತ್ತು.

ಫ್ಲೋರಿಕಾ ಗ್ರಾಮಫೋನನ್ನು ಎದೆಯ ಮಟ್ಟಕ್ಕೆ ಹಿಡಿದಳು. ಯೋನ್ ತಾಯಿ ದೋಕಿಯಾಳ ಆ ರೆಕಾರ್ಡನ್ನೇ ಹಾಕಿ ಮುಳ್ಳು ಇಳಿಸಿದ. ಕರಕರ ಸದ್ದು, ಆಮೇಲೆ ಕೊಳಲು. ಜೊತೆಗೇ ಒಳಗಿನಿಂದ ಟಕ್, ಟಕ್, ಟಕ್. ತಟ್ಟೆ ಒಂದು ಸುತ್ತು ಬರುವಷ್ಟರಲ್ಲಿ ಐದು ಸಲ. ಯಾರೋ ಬಾಗಿಲು ಗುದ್ದುವ ಹಾಗೆ.

"ಇದು ನಿನಗೆ ತ್ರಾಯ್ಲೊ," ಎಂದು ಸ್ತಾನಿಕಾ ನೆಲಕ್ಕೆ ಸಾರಾಯಿ ಸುರಿದಳು. "ಇಲ್ಲಿ ಹೇಗೋ ಅಲ್ಲೂ ಹಾಗೇ ನಿನ್ನ ಮುಂದೆ ಇರಲಿ."

"ಕೊಡೋಣ್ವಾ ಒಳಗೆ?" ಗುಂಡಿಯೊಳಗಿದ್ದವನು ಕೈ ಚಾಚಿದ.

"ತಡಿ," ಎಂದ ಯೋನ್.

ಎಲ್ಲರ ಕಣ್ಣೂ ಆ ಬಿಳಿ ಗೀರಿನ ಮೇಲಿತ್ತು. ಮುಳ್ಳು ಎಳೆ ಎಳೆಯಾಗಿ ಅದರ ಕಡೆ ಸರಿಯಿತು. ಫ್ಲೋರಿಕಾಳ ತೋಳಿನ ನರ ಉಬ್ಬಿತು. ಮುಳ್ಳು ಗೀರಿಗೆ ಹತ್ತಿತು, ಎಗರಿತು, ಕೊಳಲು ಒಂದು ಸಲ ಚೀರಿತು. ಟಕ್, ಟಕ್. ತಟ್ಟೆ ನಿಲ್ಲಲಿಲ್ಲ. ಮೂವತ್ತೊಂದು ವರ್ಷದಿಂದ ಯಾರೂ ಕೇಳದ ಅರ್ಧ ಶುರುವಾಯಿತು.

"ಅಜ್ಜಿಗೂ ಅಂತ ಹೇಳು ಚಿಕ್ಕಪ್ಪ," ಎಂದಳು ಫ್ಲೋರಿಕಾ. "ಹೆಸರು ಹೇಳ್ದೆ ಇದ್ರೆ ಅವಳಿಗೆ ಸಿಗಲ್ಲ."

"ಅಮ್ಮ ದೋಕಿಯಾಗೂ," ಎಂದ ಯೋನ್. ಹಲ್ಲಿಲ್ಲದ ಸಂದಿಯಿಂದ ಹೆಸರು ಗಾಳಿಯಾಗಿ ಬಂತು. ಜೇಬಿಗೆ ಕೈ ಹಾಕಿದ. ತಿರುಗುತ್ತಿದ್ದ ರೆಕಾರ್ಡಿನ ನಡುವಿನ ಕೆಂಪು ಕಾಗದದ ಮೇಲೆ, ನಡುವೆ ಎದ್ದ ಮೊಳೆಗೆ ಒತ್ತಿ, ಹಲ್ಲು ಇಟ್ಟ.

"ಅದ್ಯಾಕೆ?"

"ಇರಲಿ ಅವನ ಹತ್ರಾನೇ. ನಾನು ಹೋದಾಗ ಇಸ್ಕೊಳ್ತೀನಿ. ಕೊಡಲಿಲ್ಲ ಅಂದ್ರೆ ಅಲ್ಲೇ ಹೊಡೀತೀನಿ."

ಹಾಡುತ್ತಿದ್ದ ಗ್ರಾಮಫೋನು ಕೈಯಿಂದ ಕೈಗೆ ಇಳಿದು ಗೂಡು ಸೇರಿತು. ಮುಚ್ಚಳ ಹಾಕಲು ಯಾರಿಗೂ ನೆನಪಾಗಲಿಲ್ಲ. ಮೇಲಿನಿಂದ ಕಲ್ಲುಚಪ್ಪಡಿ ಎಳೆಯುವಾಗ ಬೆಳಕು ಕಿರಿದಾಗುತ್ತ ಹೋಗಿ ಕೊನೆಗೆ ಒಂದು ಬೆರಳಷ್ಟು ಉಳಿಯಿತು. ಆ ಬೆಳಕಿನಲ್ಲಿ ಹಲ್ಲು ಒಮ್ಮೆ ಕಂಡಿತು, ಮರೆಯಾಯಿತು, ಮತ್ತೆ ಸುತ್ತಿ ಬಂದು ಕಂಡಿತು. ಚಪ್ಪಡಿ ಕೂತಿತು. ಕೆಳಗಿನಿಂದ ಕುಟ್ಟುವುದು ನಿಲ್ಲಲಿಲ್ಲ. ತುತ್ತೂರಿಯವರ ಬದಿಯಲ್ಲಿ ದೊಡ್ಡ ಡೋಲಿನವನು, ಯಾರೂ ಹೇಳದೆಯೇ, ಕೋಲು ಎತ್ತಿ ಅದೇ ಲೆಕ್ಕಕ್ಕೆ ಬಡಿಯತೊಡಗಿದ.