ಸಾಲ ತೀರಿದ ಮೇಲೆ ಉಳಿದದ್ದು

ನಾನು ಹತ್ತಿ ಹಿಂಜುವ ಬಿಲ್ಲು. ಹುಟ್ಟಿದ್ದು ಜಾಲಿಮರದಲ್ಲಿ. ಬಡಿಗನ ಬಾಚಿಗೆ ಮೈಯೊಡ್ಡಿ, ಕುರಿಯ ಕರುಳಿನ ತಂತಿ ಬಿಗಿಸಿಕೊಂಡ ದಿನ ನನಗೆ ದನಿ ಬಂತು. ನರೇಗಲ್ಲಿನ ಬುಡನ್‌ಸಾಬ ನದಾಫ ಮರದ ಕೊಡತಿಯಿಂದ ತಂತಿಗೆ ಒಂದೇಟು ಹಾಕಿದ. ‘ಟೊಂಯ್’ ಅಂದೆ. ಅವನು ನಕ್ಕು ನನ್ನನ್ನು ಹೆಗಲಿಗೇರಿಸಿಕೊಂಡ.

ಓಣಿ ಓಣಿ ತಿರುಗಿದೆವು. ನನ್ನ ದನಿ ಕೇಳಿದರೆ ಸಾಕು, ಹೆಂಗಸರು ಹಳೇ ಗಾದಿ ಎಳೆದುಕೊಂಡು ಹೊರಗೆ ಬರುತ್ತಿದ್ದರು. ಮಗ ಮೌಲಾಸಾಬ ಟೆಂಪೋ ಹೊಡೆಯಲು ಹೋದ. ಮಗಳು ದಾವಲಬಿ ಮಾತ್ರ ಸೀನುತ್ತಾ ಸೀನುತ್ತಾ ಕೆಲಸ ಕಲಿತಳು. ಅವಳ ಏಟಿಗೆ ಅರಳೆ ಹಾಲಿನ ಕೆನೆಯಂತೆ ಏಳುತ್ತಿತ್ತು. ಆಮೇಲೆ ಪೇಟೆಗೆ ಹಿಂಜುವ ಮಷೀನು ಬಂತು. ಅದಕ್ಕೆ ಕೂಗಾಟವೇ ಹೊರತು ದನಿಯಿಲ್ಲ. ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಅನ್ನಿ, ಸುಳ್ಳಲ್ಲ.

ಕೆಲಸ ತಗ್ಗಿತು, ಬುಡನ್‌ಸಾಬ ಹಾಸಿಗೆ ಹಿಡಿದ. ಅದೇ ಹೊತ್ತಿಗೆ ಪಕ್ಕದ ಓಣಿಯ ನಿಂಬವ್ವ, ಬಾಣಂತಿಯಾಗಲಿರುವ ಮಗಳಿಗೊಂದು ಗಾದಿ ಬೇಕೆಂದು ಹತ್ತಿ ಕೊಟ್ಟು ಹೋಗಿದ್ದಳು. ಮನೆಯಲ್ಲಿ ಯಾರೂ ಇಲ್ಲದಾಗ ಅವನು ಆ ಹತ್ತಿಯನ್ನು ಓಣಿಗೆ ಬಂದ ವ್ಯಾಪಾರಿಗೆ ಮಾರಿ, ಅವನ ಕೈಯಲ್ಲೇ ಔಷಧ ತರಿಸಿಕೊಂಡ. ಮನೆಯವರ ಪೈಕಿ ಕಂಡದ್ದು ಗೋಡೆಯ ಮೇಲಿದ್ದ ನಾನೊಬ್ಬನೇ.

ಕೊನೆಗಾಲಕ್ಕೆ ಹಿರಿಯರನ್ನು ಕರೆಸಿ, ತನ್ನದು ಯಾರಿಗೆ ಸೇರಬೇಕೆಂದು ವಸೀಯತ್ ಹೇಳಿದ: “ಮೊದ್ಲ ನನ್ನ ಸಾಲ ತೀರಸ್ರಿ. ಉಳದದ್ರಾಗ ಬಿಲ್ಲು ದಾವಲಬಿಗೆ. ಮೌಲಾ, ನೀ ಏನಂತಿ?”

“ಆಕಿದ ಐತಿ ಬಿಡಪಾ,” ಅಂದ ಮಗ.

ಅಂಗಡಿ ಸಾಲ, ಮನೆ ಬಾಡಿಗೆ ಎಲ್ಲ ಬುಡನ್‌ಸಾಬ ನೆನೆಸಿ ನೆನೆಸಿ ಹೇಳಿದ. ಹತ್ತಿಯ ಮಾತು ಮಾತ್ರ ನಾಚಿಕೆಗೆ ಗಂಟಲಲ್ಲೇ ಉಳಿಯಿತು. ಮನೆಯ ಆಡುಗಳು ಮಾರಾಟಕ್ಕೆ ಹೋದವು, ದಾವಲಬಿಯ ಬೆಂಡೋಲೆ ಹೋಯಿತು, ಹೇಳಿದ ಸಾಲ ತೀರಿತು. ಅವನು ನೆಮ್ಮದಿಯಿಂದಲೇ ಕಣ್ಣು ಮುಚ್ಚಿದ ಅಂತ ಎಲ್ಲರೂ ಅಂದರು.

ಹೆಣವಿಟ್ಟ ಜನಾಜಾ ಎತ್ತುವ ಮುನ್ನ ಮಗ ಬಾಗಿಲಲ್ಲಿ ನಿಂತು ಕೇಳಬೇಕು, ಅದು ಪದ್ಧತಿ. ಮೌಲಾಸಾಬ ಕೇಳಿದ: “ನಮ್ಮಪ್ಪ ಯಾರಿಗರ ಏನರ ಕೊಡೂದಿದ್ರ ನನ್ನ ಕೇಳ್ರಿ. ಇಲ್ಲಾಂದ್ರ ಮಾಫ್ ಮಾಡ್ರಿ.”

“ಮಾಫ್, ಮಾಫ್,” ಅಂದಿತು ಓಣಿ. ಗುಂಪಿನ ಹಿಂದಿನಿಂದ ನಿಂಬವ್ವ ಅಳುತ್ತಲೇ ಅಂದಳು, “ನನ್ನ ಹತ್ತಿ ಒಳಗ ಐತೇನ, ನೋಡ್ಯವ್ವಾ.”

ಒಳಗೆ ಎಲ್ಲಿತ್ತು? ದಾವಲಬಿ ಹುಡುಕಿದಳು, ಬರಿಗೈಲಿ ಬಂದಳು. “ಗಾದಿ ನಾ ಕೊಡ್ತೀನಿ, ಆಯಿ,” ಅಂದಳು. ಆಗ ಜನಾಜಾ ಎದ್ದಿತು.

ಮಾರಲು ಉಳಿದವನು ನಾನೊಬ್ಬ. ಹೆದ್ದಾರಿಯ ಖಾನಾವಳಿಯವನು ಗೋಡೆಯ ಚೆಂದಕ್ಕೆ ಹಳೇ ಸಾಮಾನು ಕೊಳ್ಳುತ್ತಿದ್ದ. ನನಗಾಗಿ ಅವನು ಕೊಟ್ಟ ಮುಂಗಡದಲ್ಲಿ ಹತ್ತಿ ಬಂತು. ವಿಷಯ ತಿಳಿದು ನಿಂಬವ್ವ ಓಡಿ ಬಂದಳು.

“ನನಗ ಗಾದಿ ಬ್ಯಾಡ, ನನ ಮಗಳ. ಬಿಲ್ಲು ಮಾರಬ್ಯಾಡ. ನಾ ಮಾಫ್ ಮಾಡೀನಿ.”

“ನೀ ಮಾಫ್ ಮಾಡಿದ್ರೂ ನಿನ್ನ ಮಗಳು ಬರೀ ನೆಲದ ಮ್ಯಾಲ ಮಕ್ಕೊಂತಾಳಲ್ಲ, ಆಯಿ. ಆ ಭಾರ ನಮ್ಮಪ್ಪನ ಮ್ಯಾಲ ಬ್ಯಾಡ.”

ಅವತ್ತು ದಾವಲಬಿ ನನ್ನನ್ನು ಹಿಡಿದು ಕೂತಳು. ಹೊಡೆದಳು, ಅತ್ತಳು, ಹೊಡೆದಳು. ನಾನೂ ಇದ್ದಬದ್ದ ದನಿಯೆಲ್ಲ ಹಾಕಿ ಹಾಡಿದೆ. ಅಷ್ಟು ಮೆತ್ತನೆಯ ಗಾದಿ ನಮ್ಮ ಕೈಯಿಂದ ಹಿಂದೆಂದೂ ಆಗಿರಲಿಲ್ಲ.

ಈಗ ನಾನು ಖಾನಾವಳಿಯ ಗೋಡೆಯಲ್ಲಿದ್ದೇನೆ. ತಂತಿ ಒಣಗಿ ಹರಿದಿದೆ. ಊಟಕ್ಕೆ ಬಂದವರು ನನ್ನನ್ನು ಯಾವುದೋ ವಾದ್ಯ ಅಂದುಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಮುಟ್ಟಿದರೆ ಮಾಣಿ ಗದರುತ್ತಾನೆ. ಒಡೆಯನ ಸಾಲ ತೀರಿಸಿ ಬಂದವನು ನಾನು, ಇಲ್ಲಿ ಯಾರಿಗೂ ಗೊತ್ತಿಲ್ಲ.

ಒಮ್ಮೆ ದಾವಲಬಿ ಬಸ್ಸಿಳಿದು ಒಳಗೆ ಬಂದಳು. ಚಹಾ ಆರುವವರೆಗೂ ನನ್ನನ್ನೇ ನೋಡಿದಳು. ತಂತಿ ಕಟ್ಟಿದ್ದ ಗಂಟಿನ ಸಂದಿಯಲ್ಲಿ ಆ ಗಾದಿಯ ಒಂದೆಳೆ ಅರಳೆ ಸಿಕ್ಕಿಕೊಂಡಿತ್ತು. ಮಾಣಿ ಅತ್ತ ತಿರುಗಿದಾಗ ಅದನ್ನು ಉಗುರಿನಿಂದ ಬಿಡಿಸಿ, ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು. ಅಪ್ಪನ ಆಸ್ತಿಯಲ್ಲಿ ಅವಳ ಪಾಲಿಗೆ ಬಂದದ್ದು ಅಷ್ಟೇ.